ಬಿಸಿಲೂ ಜೋರು, ಮಧ್ಯಾಹ್ನ ಗುಡುಗು ಮಳೆಯೂ ಅಂತೆ: ಮೇ 7ಕ್ಕೆ ಊರಿಗೆ ಹೋಗುವವರು ಏನು ಮಾಡ್ತಿದ್ದೀರಿ?

ಭೀಮಾತೀರದವನು (ಮೇ 1, 2024, ಸಂಜೆ)

ಇವತ್ತು ಹವಾಮಾನ ಇಲಾಖೆ ಮೇ ತಿಂಗಳ ಮುನ್ನೋಟ ಕೊಟ್ಟಿದೆ. ಉತ್ತರ ಒಳನಾಡು ಕರ್ನಾಟಕಕ್ಕೆ 5ರಿಂದ 7 ದಿನ ಬಿಸಿಗಾಳಿ ಅಂತೆ. ಅದೇ ಹೊತ್ತಿಗೆ ಟೀವಿಯಲ್ಲಿ ರಾಜ್ಯದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಅಂತಲೂ ಹೇಳುತ್ತಿದ್ದಾರೆ. ಬಿಸಿಗಾಳಿಯೂ ಇರುತ್ತೆ, ಮಳೆಯೂ ಬರುತ್ತೆ ಅಂದರೆ ಯಾವುದನ್ನು ನಂಬಿ ಹೊರಡಬೇಕು?

ನಮ್ಮ ಊರು ಶಹಾಪುರದ ಹತ್ತಿರ. 7ನೇ ತಾರೀಖು ಲೋಕಸಭೆಗೆ ಮತದಾನ. ಅವ್ವನಿಗೆ 72, ಬಿಪಿ ಇದೆ. ಚಳಿಗಾಲದಿಂದ ಬೆಂಗಳೂರಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ಓಟು ಹಾಕಲೇಬೇಕು ಅಂತ ಹಟ ಹಿಡಿದಿದ್ದಾಳೆ, ನನಗೂ ಕರೆದುಕೊಂಡು ಹೋಗುವ ಆಸೆಯೇ. ಆದರೆ ಅಲ್ಲಿ ಈಗಾಗಲೇ 42 ದಾಟಿದೆ ಅಂತ ತಮ್ಮ ಫೋನ್ ಮಾಡಿ ಹೇಳಿದ. ಅನುಭವ ಇದ್ದವರು ಹೇಳಿ.

ಕೆಂಗೇರಿ ಕೃಷ್ಣ

ಬೆಂಗಳೂರೇ ಕಾದ ಕಾವಲಿ ಆಗಿದೆ. ಮೊನ್ನೆ 28ಕ್ಕೆ 38.5 ಡಿಗ್ರಿ. ಇಡೀ ಏಪ್ರಿಲ್‌ನಲ್ಲಿ ನಗರದ ಮಾಪಕಕ್ಕೆ ಒಂದು ಹನಿ ಮಳೆ ಬಿದ್ದಿಲ್ಲ. ಮುನ್ಸೂಚನೆ ನೋಡಿ ನೋಡಿ ಸಾಕಾಯಿತು. ದಿನಾ ಮಳೆ ಅಂತಾರೆ, ದಿನಾ ಬಿಸಿಲು.

ಕಲಬುರಗಿ ಬಿಸಿಲು

38.5ಕ್ಕೆ ಇಷ್ಟು ಗಲಾಟೆ ಮಾಡುತ್ತೀರಲ್ಲ ಸರ್, ನಮ್ಮ ಕಡೆ ಅದು ಬೆಳಿಗ್ಗೆ ಹನ್ನೊಂದರ ಬಿಸಿಲು. ಇಲ್ಲಿ ಕಲಬುರಗಿ ವಿಭಾಗದ ಏಳೂ ಜಿಲ್ಲೆ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಒಂದೂವರೆ ಆದ ಮೇಲೆ ಬಜಾರದಲ್ಲಿ ನಾಯಿ ಸಹ ಕಾಣಿಸಲ್ಲ.

ಮೋಡ ನೋಡುಗ

ಕಲಬುರಗಿಯವರೇ, ಹಾಗೆ ತಳ್ಳಿಹಾಕಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ಏಪ್ರಿಲ್‌ನಲ್ಲಿ ಅಲ್ಲಿ ಸಾಮಾನ್ಯವಾಗಿ ಇರುವುದು 34ರ ಆಸುಪಾಸು. ದಾಖಲೆಯೇ 39.2, ಅದು 2016ರ ಏಪ್ರಿಲ್‌ನಲ್ಲಿ. ಅಂದರೆ ಮೊನ್ನೆಯದು ದಾಖಲೆಗೆ ಒಂದು ಡಿಗ್ರಿಯೂ ಕಡಿಮೆ ಇರಲಿಲ್ಲ. ಮನೆ, ಆಫೀಸು, ಜನರ ಮೈ ಯಾವುದೂ ಆ ಶಾಖಕ್ಕೆ ಒಗ್ಗಿಲ್ಲ. ಎಲ್ಲಿ ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಆ ಊರಿಗೆ ಅದು ಎಷ್ಟು ಜಾಸ್ತಿ ಅನ್ನುವುದು ಮುಖ್ಯ.

ಇಲಾಖೆಯೂ ಹಾಗೇ ಲೆಕ್ಕ ಹಾಕುವುದು. ಬಯಲು ಸೀಮೆಯಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಮುಟ್ಟಿರಬೇಕು. ಅದರ ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಮೇಲಿದ್ದರೆ ಬಿಸಿಗಾಳಿ, 6.4 ಮೀರಿದರೆ ತೀವ್ರ ಬಿಸಿಗಾಳಿ. ವಾಡಿಕೆ ಎಷ್ಟೇ ಇರಲಿ, 45 ಮುಟ್ಟಿದರೆ ಬಿಸಿಗಾಳಿಯೇ.

ಇನ್ನು ಭೀಮಾತೀರದವರ ಪ್ರಶ್ನೆ. ಎರಡೂ ನಿಜ, ಎರಡನ್ನೂ ನಂಬಿ. ಗುಡುಗು ಮಳೆ ಬರುವುದೇ ಬಿಸಿಲಿನಿಂದ. ಬೆಳಿಗ್ಗೆಯಿಂದ ನೆಲ ಕಾಯುತ್ತೆ, ನೆಲಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇಳುತ್ತೆ. ಈ ಕಾಲದಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ದಕ್ಷಿಣಕ್ಕೆ ಇಳಿಯುವ ಒಂದು ಕಡಿಮೆ ಒತ್ತಡದ ಗೆರೆ ಇರುತ್ತೆ. ಸಮುದ್ರದಿಂದ ಬಂದ ತೇವದ ಗಾಳಿಯೂ ಒಣ ಗಾಳಿಯೂ ಅಲ್ಲಿ ಸೇರುತ್ತವೆ. ತೇವ ಸಿಕ್ಕಿದರೆ ಮೋಡ ಹತ್ತು ಹನ್ನೆರಡು ಕಿ.ಮೀ. ಎತ್ತರಕ್ಕೆ ಬೆಳೆಯುತ್ತೆ. ಮೂರು ಗಂಟೆಯ ಮೇಲೆ ಗುಡುಗು, ಸಿಡಿಲು, ಬಿರುಗಾಳಿ, ಕೆಲವು ಸಲ ಆಲಿಕಲ್ಲು. ತೇವ ಸಿಗದಿದ್ದರೆ ಬರೀ ಬಿಸಿಲು. ಗೆರೆ ಕೊಂಚ ಆ ಕಡೆ ಈ ಕಡೆ ಸರಿದರೂ ಸಾಕು, ಒಂದು ಜಿಲ್ಲೆಗೆ ಮಳೆ, ಪಕ್ಕದ ಜಿಲ್ಲೆಗೆ ಧೂಳು.

ಕೆಂಗೇರಿ ಕೃಷ್ಣ

ಪಾಠ ಚೆನ್ನಾಗಿದೆ. ಆದರೆ ಬೆಂಗಳೂರಿಗೆ ಮಳೆ ಅಂದವರು ಕೆಂಗೇರಿಗೆ ಯಾಕೆ ತರಲಿಲ್ಲ?

ಮೋಡ ನೋಡುಗ

ಯಾರೂ ಕೆಂಗೇರಿಗೆ ಅಂತ ಹೇಳಿರಲಿಲ್ಲ. ಇಲಾಖೆಯ ವರದಿಯಲ್ಲಿ 'ಒಂದೆರಡು ಕಡೆ' ಅಂತ ಇದ್ದರೆ, ಆ ಭಾಗದ ಮಳೆ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ನೂರಕ್ಕೆ 25 ಕಡೆ ಮಳೆ. ಉಳಿದ 75 ಕಡೆ ಬರಲ್ಲ ಅಂತಲೇ ಅದರ ಅರ್ಥ. 'ಕೆಲವು ಕಡೆ' ಅಂದರೆ 50ರವರೆಗೆ. 'ಬಹುತೇಕ ಕಡೆ' ಅಂತ ಬಂದಾಗ ಮಾತ್ರ ನೂರಕ್ಕೆ 75ರ ಮೇಲೆ. ಟೀವಿಯವರು ಇದನ್ನೆಲ್ಲ ಬಿಟ್ಟು 'ರಾಜ್ಯಾದ್ಯಂತ ಭಾರೀ ಮಳೆ' ಅಂತ ಕೆಂಪು ಅಕ್ಷರದಲ್ಲಿ ಹಾಕುತ್ತಾರೆ. ಬೈಸಿಕೊಳ್ಳುವುದು ಇಲಾಖೆ.

ಡಾಕ್ಟರಮ್ಮ

ಭೀಮಾತೀರದವರೇ, ತಾಯಿಯವರ ಬಿಪಿ ಮಾತ್ರೆ ಯಾವುದು ಅಂತ ಮೊದಲು ನೋಡಿ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ ಬಿಸಿಲಿನಲ್ಲಿ ಮೈಯ ನೀರು, ಉಪ್ಪು ಎರಡೂ ಬೇಗ ಇಳಿಯುತ್ತವೆ. ಹೊರಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. 'ನೀರು ಬೇಕಾ ಅವ್ವ' ಅಂತ ಕೇಳಿದರೆ ಬೇಡ ಅಂತಲೇ ಹೇಳುತ್ತಾರೆ. ಕೇಳಬೇಡಿ, ಲೋಟ ಕೈಗೆ ಕೊಡಿ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ.

ಮಾತು ತೊದಲಿದರೆ, ಗೊಂದಲದಲ್ಲಿ ಏನೇನೋ ಹೇಳಿದರೆ, ಮೈ ಸುಡುತ್ತಿದ್ದರೆ ಅದು ಬರೀ ಸುಸ್ತು ಅಲ್ಲ. ನೆರಳಿಗೆ ತನ್ನಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ, ಕುತ್ತಿಗೆ, ಕಂಕುಳಿಗೆ ತಣ್ಣೀರು ಬಟ್ಟೆ ಇಡಿ, 108ಕ್ಕೆ ಕರೆ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಇದೊಂದು ತಪ್ಪನ್ನು ಬಹಳ ಜನ ಮಾಡುತ್ತಾರೆ.

ಹಳೇ ಮೈಸೂರು

ಮನೆಯಲ್ಲೇ ಮತ ಹಾಕುವ ವ್ಯವಸ್ಥೆ ಇದೆಯಲ್ಲ? 80 ದಾಟಿದವರಿಗೆ.

ಜೋಳದ ರೊಟ್ಟಿ

80 ಅಲ್ಲ, ಈ ಸಲ 85. ಇಲ್ಲ ಅಂದರೆ ಶೇ 40ರ ಮೇಲೆ ಅಂಗವೈಕಲ್ಯ ಇರಬೇಕು. ಅದಕ್ಕೂ ಮೊದಲೇ ಅರ್ಜಿ ಕೊಟ್ಟಿರಬೇಕಿತ್ತು. 72ರ ಅವ್ವನಿಗೆ ಸಾಲೇ ಗತಿ. ಆದರೆ ಬೆಳಿಗ್ಗೆ 7ಕ್ಕೇ ಮತದಾನ ಶುರು. ಏಳಕ್ಕೆ ಹೋಗಿ ನಿಂತರೆ ಎಂಟಕ್ಕೆ ಮನೆ. ವಯಸ್ಸಾದವರನ್ನು ಸಾಲಿನಲ್ಲಿ ಮುಂದೆ ಬಿಡುತ್ತಾರೆ, ಕೇಳಿಕೊಳ್ಳಿ. ನಾಚಿಕೆ ಪಡಬೇಡಿ.

ಕಲಬುರಗಿ ಬಿಸಿಲು

ರೊಟ್ಟಿಯವರು ಹೇಳಿದ್ದೇ ಸರಿ. ಹಗಲು ಪ್ರಯಾಣ ಮಾತ್ರ ಬೇಡ. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ತಂಪಿನಲ್ಲಿ ಯಾದಗಿರಿ. ಅಲ್ಲಿಂದ ಶಹಾಪುರದ ಬಸ್ಸು. ಮನೆಯಲ್ಲಿ ಕೂಲರ್ ಇದೆಯಾ?

ಭೀಮಾತೀರದವನು

ತಮ್ಮನ ಮನೆಯಲ್ಲಿ ಒಂದಿದೆ. ಕರೆಂಟು ಇದ್ದರೆ ಓಡುತ್ತೆ.

ಪಣಂಬೂರು ಹುಡುಗಿ

ಕೂಲರ್ ಅಂದಾಗ ಹೊಟ್ಟೆ ಉರಿಯುತ್ತೆ. ನಮ್ಮ ಕಡೆ ಅದು ಹಾಕಿದರೆ ಕೋಣೆ ಇನ್ನಷ್ಟು ಬೆವರುತ್ತೆ ಅಷ್ಟೇ. ಮಂಗಳೂರಿನಲ್ಲಿ 35 ಡಿಗ್ರಿ ಅಂದರೆ ಯಾರಿಗೂ ಸುದ್ದಿ ಅನಿಸಲ್ಲ. ಆದರೆ ಬೆವರು ಆರುವುದೇ ಇಲ್ಲ. ರಾತ್ರಿ ಎರಡು ಗಂಟೆಗೂ ದಿಂಬು ಒದ್ದೆ. ಫೆಬ್ರವರಿ, ಮಾರ್ಚ್‌ನಲ್ಲೇ ಕರಾವಳಿಗೆ ಬಿಸಿಗಾಳಿ ಎಚ್ಚರಿಕೆ ಬರುವುದುಂಟು. ಪೂರ್ವದಿಂದ ಒಣ ಗಾಳಿ ಬೀಸಿ ಕಡಲ ಗಾಳಿ ತಡವಾಗಿ ಒಳಗೆ ಬರುವ ದಿನ ಹಾಗಾಗುತ್ತೆ. ಒಳನಾಡಿನವರಿಗೆ ಇದನ್ನು ಹೇಳಿದರೆ 'ಸಮುದ್ರ ಇದೆಯಲ್ಲ' ಅಂತಾರೆ!

ಮೋಡ ನೋಡುಗ

ಸರಿಯಾಗಿ ಹೇಳಿದಿರಿ. ಗಾಳಿ ಒಣಗಿದ್ದರೆ ಮಾತ್ರ ಕೂಲರ್ ಕೆಲಸ ಮಾಡುತ್ತೆ. ಭೀಮಾತೀರದವರೇ, ಸಂಜೆ ಮಳೆ ಹನಿದು ನಿಂತ ಮೇಲೆ ನಿಮ್ಮ ಊರಿನಲ್ಲೂ ಅದು ಕೈಕೊಡುತ್ತೆ. ಆಗ ನೀರಿನ ಪಂಪು ನಿಲ್ಲಿಸಿ ಬರೀ ಫ್ಯಾನ್ ಓಡಿಸಿ, ಕಿಟಕಿ ತೆಗೆಯಿರಿ.

ಕೊಡಗಿನ ತೋಟದಿಂದ

ನೀವೆಲ್ಲ ಡಿಗ್ರಿ ಲೆಕ್ಕದಲ್ಲಿದ್ದೀರಿ. ನಮಗೆ ಇದು ಇಡೀ ವರ್ಷದ ಅನ್ನದ ಲೆಕ್ಕ. ರೋಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬೇಕು. ಒಂದು ಇಂಚು, ಒಂದೂವರೆ ಇಂಚು ಒಟ್ಟಿಗೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು, ನಾವು ಬ್ಯಾಕಿಂಗ್ ಅನ್ನುತ್ತೇವೆ. ಈ ವರ್ಷ ನಮ್ಮ ತೋಟಕ್ಕೆ ಎರಡೂ ಹೊತ್ತಿಗೆ ಬರಲಿಲ್ಲ.

ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಕಿ ಉಳಿಸಿಕೊಂಡರು. ನಮ್ಮ ಕೆರೆ ಅರ್ಧ ತೋಟಕ್ಕೇ ಬತ್ತಿತು. ನೀರು ಮುಟ್ಟದ ಕಡೆ ರೆಂಬೆ ಹಿಡಿದು ನೋಡಿದರೆ ಮೊಗ್ಗು ಬಿರಿಯದೆ ಗೆಣ್ಣಿನಲ್ಲೇ ಕಂದು ತಿರುಗಿದೆ. ಹೆಬ್ಬೆರಳು ಸವರಿದರೆ ಪುಡಿಯಾಗಿ ಉದುರುತ್ತೆ. ಎಲೆ ಮಡಚಿಕೊಂಡು ಜೋತುಬಿದ್ದಿದೆ. ಇನ್ನೊಂದು ಮಾರು ಆಚೆ, ಸ್ಪ್ರಿಂಕ್ಲರ್ ನೀರು ಬಿದ್ದ ಸಾಲಿನಲ್ಲಿ, ಕಾಯಿ ಕಚ್ಚಿ ಕೂತಿದೆ. ರೋಬಸ್ಟಾಗೆ ಇಂಥ ಬೆಲೆ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಅದೇ ವರ್ಷ ಗಿಡದಲ್ಲಿ ಕಾಯಿ ಇಲ್ಲ. ಮೇನಲ್ಲಿ ಬರುವ ಗುಡುಗು ಮಳೆಯಿಂದ ಗಿಡದ ಜೀವ ಉಳಿಯುತ್ತೆ, ಹೋದ ಹೂ ವಾಪಸ್ ಬರಲ್ಲ.

ಶ್ರೀನಿವಾಸಪುರ ಮಾವು

ನಮ್ಮದು ತಿರುಗಾಮುರುಗಾ. ಈಗ ಕಾಯಿ ಬಲಿಯುವ ಹೊತ್ತು. ಹದವಾಗಿ ಹನಿದರೆ ಗಾತ್ರ ಬರುತ್ತೆ, ಆ ಮಳೆಗೆ ಕೈ ಮುಗಿಯುತ್ತೇವೆ. ಆದರೆ ಈ ಮಳೆ ಹದವಾಗಿ ಎಲ್ಲಿ ಬರುತ್ತೆ? ಮೊದಲು ಗಾಳಿ. ಹತ್ತು ನಿಮಿಷದ ಗಾಳಿಗೆ ಗಿಡದ ಕೆಳಗೆ ಹಸಿರು ಹಾಸು. ಬಿದ್ದ ಕಾಯಿಯನ್ನು ಉಪ್ಪಿನಕಾಯಿಯವರು ಕೇಳುವ ರೇಟಿಗೆ ಕೊಡಬೇಕು. ಆಲಿಕಲ್ಲು ತಾಗಿದ ಕಾಯಿ ನೋಡಲು ಚೆನ್ನಾಗಿಯೇ ಇರುತ್ತೆ, ಎರಡು ದಿನ ಬಿಟ್ಟು ಕಪ್ಪು ಕಲೆ ಬಿದ್ದು ಕೊಳೆಯುತ್ತೆ. ಮಂಡಿಯಲ್ಲಿ ಇಡೀ ಲಾಟು ಬದಿಗೆ ತಳ್ಳುತ್ತಾರೆ.

ತಿಕೋಟಾ ದ್ರಾಕ್ಷಿ

ವಿಜಯಪುರದಲ್ಲಿ ನಮಗೆ ಮಳೆ ಬರದಿದ್ದರೇ ಒಳ್ಳೆಯದು ಅಂತ ಹೇಳಿದರೆ ಬೈಯುತ್ತೀರಿ. ಒಣದ್ರಾಕ್ಷಿ ಶೆಡ್‌ನಲ್ಲಿ ಇನ್ನೂ ಮಾಲು ಇರುವವರಿಗೆ ಒಂದು ಸಂಜೆ ಇರಚಲು ಹೊಡೆದರೆ ಸಾಕು, ಹೊಂಬಣ್ಣದ ಮಾಲು ಕಪ್ಪು. ಕುಡಿಯುವ ನೀರಿಗೆ ಮಳೆ ಬೇಕು ಅನ್ನುವುದೂ ನಿಜ. ಎರಡನ್ನೂ ಒಂದೇ ಬಾಯಲ್ಲಿ ಬೇಡಿಕೊಳ್ಳುವ ಪರಿಸ್ಥಿತಿ.

ಅರಸೀಕೆರೆ ಅಜ್ಜ

ಏಪ್ರಿಲ್ 27ಕ್ಕೆ ಭರಣಿ ಮಳೆ ನಕ್ಷತ್ರ ಹುಟ್ಟಿದೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಮೇ 11ರವರೆಗೂ ಭರಣಿಯೇ. ನೋಡುತ್ತಿರಿ, ಈ ಮಳೆ ಕೈ ಬಿಡಲ್ಲ. ಎಳ್ಳು, ಹೆಸರು, ಅಲಸಂದೆ ಹಾಕುವವರು ಬೀಜ ಸಿದ್ಧ ಮಾಡಿಕೊಳ್ಳಿ.

ಕೆಂಗೇರಿ ಕೃಷ್ಣ

ಅದಕ್ಕೆ ಮೊದಲಿನ ಅಶ್ವಿನಿ ಪೂರ್ತಿ ಒಣಗಿ ಹೋಯಿತಲ್ಲ ಅಜ್ಜ, ಭರಣಿ ಬರುತ್ತೆ ಅಂತ ಏನು ಗ್ಯಾರಂಟಿ?

ಅರಸೀಕೆರೆ ಅಜ್ಜ

ಗ್ಯಾರಂಟಿ ಅಂತ ಯಾರೂ ಕೊಡಲ್ಲಪ್ಪ. ಹೊಲ ಉತ್ತು ಇಟ್ಟವನಿಗೆ ಬಂದ ಮಳೆ ಇಂಗುತ್ತೆ. ಉಳದವನ ಹೊಲದಲ್ಲಿ ಅದೇ ಮಳೆ ಹರಿದು ಹಳ್ಳ ಸೇರುತ್ತೆ. ನಮ್ಮ ಕೈಲಿ ಇರುವುದು ಅಷ್ಟು.

ಯಲಹಂಕ ನೀರು (ಮೇ 3, ಬೆಳಿಗ್ಗೆ)

ನಿನ್ನೆ ಸಂಜೆ ಬಂತು! ಇಲ್ಲಿ ಹತ್ತು ಹದಿನೈದು ನಿಮಿಷ. ಐದು ತಿಂಗಳಾದ ಮೇಲೆ ಮಣ್ಣಿನ ವಾಸನೆ. ಮಕ್ಕಳೆಲ್ಲ ರಸ್ತೆಗೆ ಓಡಿದರು. ಕೆಂಗೇರಿಗೆ ಬಂತಾ ಕೃಷ್ಣ ಅವರೇ?

ಕೆಂಗೇರಿ ಕೃಷ್ಣ

ಇಲ್ಲ. ಮೋಡ ಬಂತು, ಗುಡುಗಿತು, ಕರೆಂಟು ಹೋಯಿತು.

ಯಲಹಂಕ ನೀರು

ಇವತ್ತು ಬರಬಹುದು ಬಿಡಿ. ನನ್ನ ತಲೆಯಲ್ಲಿ ಇರುವುದು ಬೇರೆ ವಿಷಯ. ಫೆಬ್ರವರಿಯಿಂದ ಇಡೀ ಊರು ಟ್ಯಾಂಕರ್‌ಗೆ ಕಾದು ಕೂತಿದೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ದಂಡ ಅಂತ ಮಾಡಿದರು. ನಿನ್ನೆಯ ನೀರು ನಮ್ಮ ಬೀದಿಯಲ್ಲಿ ಏನಾಯಿತು? ಚರಂಡಿಗೆ ಹೋಯಿತು. 30×40 ಸೈಟಿನ ಮನೆಯ ಛಾವಣಿ ಮೇಲೆ 20 ಮಿ.ಮೀ. ಬಿದ್ದರೆ ಹತ್ತಿರ ಹತ್ತಿರ ಎರಡು ಸಾವಿರ ಲೀಟರ್. ಮೇ ತಿಂಗಳಲ್ಲಿ ಬೆಂಗಳೂರಿನ ವಾಡಿಕೆ ಮಳೆ 128 ಮಿ.ಮೀ. ಸುಮಾರು. ಲೆಕ್ಕ ನೀವೇ ಹಾಕಿ. ನಮ್ಮ ಬೀದಿಯಲ್ಲಿ ಮಳೆಕೊಯ್ಲು ಪೈಪು ಇರುವ ಮನೆ ಎಷ್ಟೋ ಇವೆ. ಅರ್ಧಕ್ಕರ್ಧ ಪೈಪಿನ ಬಾಯಿಗೆ ಎಲೆ, ಸಿಮೆಂಟು ಕಟ್ಟಿಕೊಂಡಿದೆ. ಈ ಭಾನುವಾರ ಮೇಲೆ ಹತ್ತಿ ಗುಡಿಸಿ ದಯವಿಟ್ಟು. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು ಆಮೇಲೆ ನೀರಿನ ಸಂಪ್‌ಗೆ ತಿರುಗಿಸಿ.

ಹಳೇ ಮೈಸೂರು

ಮಳೆ ಬಂತಲ್ಲ, ಇನ್ನು ಸೆಕೆ ಮುಗೀತು ಅಂದುಕೊಳ್ಳಬಹುದಾ?

ಮೋಡ ನೋಡುಗ

ಇಲ್ಲ. ಗುಡುಗು ಮಳೆ ಬಂದ ಸಂಜೆ ಏಳೆಂಟು ಡಿಗ್ರಿ ದಿಢೀರ್ ಇಳಿಯುತ್ತೆ, ರಾತ್ರಿ ನಿದ್ದೆ ಬರುತ್ತೆ. ಮಾರನೇ ದಿನ ಬಿಸಿಲು ಬಿದ್ದರೆ ಮತ್ತೆ ಏರುತ್ತೆ, ಈ ಸಲ ತೇವದ ಜೊತೆ. ದಿನಾ ಸಂಜೆ ಮಳೆ ಬಂದು, ನೆಲ ಒದ್ದೆಯಾಗಿ, ಮೋಡ ಮುಚ್ಚಿಕೊಂಡಿದ್ದರೆ ಮಾತ್ರ ಗರಿಷ್ಠ ಉಷ್ಣತೆ ಕೆಳಗಿಳಿಯುವುದು. ಬರವೂ ಹೋಗಲ್ಲ. ಹೋದ ವರ್ಷ 236ರಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಗಿತ್ತು. ಇಡೀ ರಾಜ್ಯಕ್ಕೆ ಮಾರ್ಚ್‌ನಿಂದ ಮೇವರೆಗೆ ಸೇರಿ ಬರುವ ವಾಡಿಕೆ ಮಳೆಯೇ ಸುಮಾರು 115 ಮಿ.ಮೀ. ಅಣೆಕಟ್ಟು ತುಂಬುವುದು ಅದರಿಂದ ಅಲ್ಲ. ಮುಂಗಾರಿಗೆ ಇಲಾಖೆ ಈ ಸಲ ದೇಶಕ್ಕೆ ವಾಡಿಕೆಯ ಶೇ 106 ಮಳೆ ಅಂತ ಹೇಳಿದೆ, ಪೆಸಿಫಿಕ್ ಸಾಗರ ಬಿಸಿಯೇರಿ ನಮ್ಮ ಮಳೆ ಕೆಡಿಸುವ ಎಲ್ ನಿನೋ ಇಳಿಯುತ್ತಿದೆ. ಅದು ಆಶಾದಾಯಕ. ಆದರೆ ಅದು ಇಡೀ ದೇಶದ ಅಂಕಿ, ನಿಮ್ಮ ತಾಲ್ಲೂಕಿನದಲ್ಲ.

ಕುರಿ ಮಂದೆ

ಎಲ್ಲರೂ ಮಳೆಗೆ ಖುಷಿ ಪಡುತ್ತಿದ್ದೀರಿ. ಸಿಡಿಲಿನ ಮಾತು ಯಾರೂ ಎತ್ತಲಿಲ್ಲ. ಕೊಪ್ಪಳ, ರಾಯಚೂರು ಕಡೆ ಬಯಲಿನಲ್ಲಿ ಕುರಿ ಕಾಯುವವರಿಗೆ ಈ ಎರಡು ತಿಂಗಳೇ ಭಯ. ಮಳೆ ಹನಿಯಿತು ಅಂತ ಒಂಟಿ ಮರದ ಕೆಳಗೆ ಹೋಗುತ್ತಾರೆ. ಕುರಿಯೂ ಅಲ್ಲೇ ಗುಂಪು. ಒಂದೇ ಸಿಡಿಲಿಗೆ ಮನುಷ್ಯ, ಮಂದೆ ಎರಡೂ. ನಮ್ಮ ಸಂಬಂಧಿಕರ ಹುಡುಗ ಒಬ್ಬ ಹೀಗೇ ಹೋದ. ಮಳೆ ಇನ್ನೂ ಅವನಿದ್ದ ಜಾಗಕ್ಕೆ ಬಂದಿರಲಿಲ್ಲ.

ಮೋಡ ನೋಡುಗ

ಓದಿ ಬಹಳ ಸಂಕಟ ಆಯಿತು. ನಿಮ್ಮ ಕೊನೆಯ ಸಾಲನ್ನು ಎಲ್ಲರೂ ಇನ್ನೊಂದು ಸಲ ಓದಬೇಕು. ಮಳೆ ಹನಿಯುವ ಮೊದಲೇ, ಮೋಡದಿಂದ ಹತ್ತು ಕಿ.ಮೀ. ದೂರಕ್ಕೂ ಸಿಡಿಲು ಬಡಿಯಬಹುದು. ಮಿಂಚು ಕಂಡ ಮೇಲೆ ಗುಡುಗು ಕೇಳಲು 30 ಸೆಕೆಂಡ್ ಆಗದಿದ್ದರೆ ನೀವು ಅಪಾಯದ ಒಳಗಿದ್ದೀರಿ. ಪಕ್ಕಾ ಕಟ್ಟಡ, ಇಲ್ಲವಾದರೆ ಗಾಜು ಏರಿಸಿದ ಬಸ್ಸು, ಕಾರು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ ಹೊರಗೆ ಬರಬೇಡಿ. ಸುತ್ತ ಏನೂ ಇಲ್ಲದ ಬಯಲಾದರೆ ಮರ, ತಂತಿ ಬೇಲಿ, ಪಂಪ್‌ಸೆಟ್ಟಿನಿಂದ ದೂರ ಹೋಗಿ ಕಾಲು ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ, ಮಲಗಬೇಡಿ. ಗುಂಪಾಗಿ ನಿಲ್ಲಬೇಡಿ. ರಬ್ಬರ್ ಚಪ್ಪಲಿ ಕಾಪಾಡುತ್ತೆ ಅನ್ನುವುದು ಸುಳ್ಳು.

ಫೋನಿನಲ್ಲಿ 'ದಾಮಿನಿ' ಹಾಕಿಕೊಳ್ಳಿ, ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯವರದು. ಸುತ್ತ 20ರಿಂದ 40 ಕಿ.ಮೀ. ಒಳಗೆ ಸಿಡಿಲಿನ ಸಾಧ್ಯತೆ ಇದ್ದರೆ ತೋರಿಸುತ್ತೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಕೂಡ ಇದೆ.

ಜೋಳದ ರೊಟ್ಟಿ

ಕುರಿ ಕಾಯುವವನ ಹತ್ತಿರ ಸ್ಮಾರ್ಟ್‌ಫೋನ್ ಇದ್ದರೂ ಅಡವಿಯಲ್ಲಿ ನೆಟ್ ಎಲ್ಲಿದೆ ಸರ್? ಬಿಸಿಲಿಗಾದರೂ ಕಚೇರಿ ಸಮಯ ಬದಲಿಸುತ್ತಾರೆ, ನರೇಗಾದಲ್ಲಿ ಕೆಲಸದ ಅಳತೆಗೆ ರಿಯಾಯಿತಿ ಕೊಡುತ್ತಾರೆ. ಸಿಡಿಲಿಗೆ ಏನಿದೆ? ಪಂಚಾಯಿತಿಯಲ್ಲಿ ಮೈಕು ಇದೆ, ಗುಡಿಯಲ್ಲಿ ಮೈಕು ಇದೆ. ಎಚ್ಚರಿಕೆ ಬಂದ ತಕ್ಷಣ ಅದರಲ್ಲಿ ಕೂಗಿ ಹೇಳಲು ಯಾರ ಅಪ್ಪಣೆ ಬೇಕು? ಎಲ್ಲವನ್ನೂ ಆ್ಯಪಿಗೆ ತಳ್ಳಿದರೆ ಸಾಯುವುದು ಆ್ಯಪ್ ಇಲ್ಲದವರೇ.

ಕುರಿ ಮಂದೆ

ಇದು ಸರಿಯಾದ ಮಾತು. ನಮ್ಮ ಪಂಚಾಯಿತಿ ಸದಸ್ಯರ ಹತ್ತಿರ ನಾಳೆಯೇ ಮಾತಾಡುತ್ತೇನೆ.

ಮೋಡ ನೋಡುಗ

ಒಪ್ಪಿದೆ. ಇಲಾಖೆ ಮೂರು ಗಂಟೆಗೊಮ್ಮೆ ಜಿಲ್ಲೆವಾರು ತತ್‌ಕ್ಷಣದ ಎಚ್ಚರಿಕೆ ಕೊಡುತ್ತೆ. ಅದನ್ನು ಒಬ್ಬರು ನೋಡಿ ಮೈಕಿನಲ್ಲಿ ಹೇಳಿದರೂ ಸಾಕು. ಊರಿನ ಹೆಸರು ಹೇಳಿ, ಅದನ್ನು ಎಲ್ಲಿ ಹೇಗೆ ನೋಡುವುದು ಅಂತ ನಾನು ಬರೆದು ಕೊಡುತ್ತೇನೆ.

ದುಬೈ ದಾವಣಗೆರೆ

ಇಲ್ಲಿ ಬೇಸಿಗೆಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸುವಂತಿಲ್ಲ. ಕಾನೂನು ಇದೆ, ದಂಡ ಇದೆ. ನಮ್ಮಲ್ಲಿ ಕಟ್ಟಡ ಕೆಲಸದವರಿಗೆ, ಡೆಲಿವರಿ ಹುಡುಗರಿಗೆ ಅಂಥದ್ದು ಯಾಕೆ ಬೇಡ?

ಕಲಬುರಗಿ ಬಿಸಿಲು

ಬೇಕು. ಆದರೆ ದಿನಗೂಲಿ ಕಡಿತ ಆಗಬಾರದು. ಇಲ್ಲಿ ಗೌಂಡಿಗಳು ತಾವಾಗಿಯೇ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ನಿಲ್ಲಿಸಿ ಮತ್ತೆ ನಾಲ್ಕಕ್ಕೆ ಬರುತ್ತಾರೆ. ಆ ನಾಲ್ಕು ಗಂಟೆಯೇ ಈಗ ಗುಡುಗಿನ ಹೊತ್ತು, ಅದೊಂದು ಹೊಸ ತಲೆನೋವು.

ಭೀಮಾತೀರದವನು (ಮೇ 3, ರಾತ್ರಿ)

ಎಲ್ಲರಿಗೂ ಬಹಳ ಥ್ಯಾಂಕ್ಸ್. 5ನೇ ತಾರೀಖು ರಾತ್ರಿ ರೈಲಿಗೆ ಹೊರಡುತ್ತೇವೆ. ಸೀಟು ಆರ್‌ಎಸಿ ಸಿಕ್ಕಿದೆ, ಅವ್ವನಿಗೆ ಕೆಳಗಿನದು ಕೇಳಿಕೊಳ್ಳುತ್ತೇನೆ. ಮಾತ್ರೆ ವಿಷಯ ವೈದ್ಯರನ್ನು ಕೇಳಿದೆ, ಒಂದು ಮಾತ್ರೆಯ ಹೊತ್ತು ಬದಲಿಸಿದರು. ತಮ್ಮನಿಗೆ ಹೊಸ ಗಡಗಿ ತಂದು ನೀರು ತುಂಬಿಸಿಡು ಅಂತ ಹೇಳಿದ್ದೇನೆ. ಬೆಳಿಗ್ಗೆ ಏಳಕ್ಕೇ ಬೂತಿನಲ್ಲಿ ಇರುತ್ತೇವೆ. ಅವ್ವ ಆಮೇಲೆ ಹೊಲ ನೋಡಲು ಹೋಗಬೇಕು ಅನ್ನುತ್ತಿದ್ದಾಳೆ. ಸಂಜೆ ಕರೆದುಕೊಂಡು ಹೋಗಬಹುದಾ?

ಡಾಕ್ಟರಮ್ಮ

ಸಂಜೆ ಬೇಡ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಹೋಗಿ, ಎಂಟರೊಳಗೆ ಮನೆ ಸೇರಿ.

ಕುರಿ ಮಂದೆ

ಸಂಜೆ ಹೊಲದ ಕಡೆ ಹೋಗಲೇಬೇಡಿ ಅಣ್ಣಾ. ಶಹಾಪುರದ ಕಡೆ ನಮ್ಮವರು ಮಂದೆ ಹಾಕಿದ್ದಾರೆ. ಮೋಡ ಹೇಗಿದೆ ಅಂತ 6ಕ್ಕೆ ಕೇಳಿ ಇಲ್ಲೇ ಹಾಕುತ್ತೇನೆ.